ಹೊನ್ನಹೂವಿನ ಸೆಣಬು

ಆಷಾಢದ ಮೊದಲ ದಿನಗಳಲ್ಲಿ ತುಮಕೂರು, ಮಂಡ್ಯ, ಹಾಸನಗಳ ಸೀಮೆಯಲ್ಲಿ ಪ್ರಯಾಣ ಮಾಡುವವರು, ಉತ್ತು ಹರಗಿ ಬಿತ್ತನೆಗೆ ಅಣಿಯಾಗಿರುವ ಹೊಲಗಳ ನಡುವೆ, ಎದೆಯೆತ್ತರಕ್ಕೆ ಒತ್ತಾಗಿ ಬೆಳೆದು ತುದಿತುದಿಯಲ್ಲಿಯೂ ಹೊಂಬಣ್ಣದ ಹೂಗಳನ್ನು ಮುಡಿದು ನಿಂತಿರುವ ಒಂದೊಂದು ತಾಕನ್ನು ಅಲ್ಲಲ್ಲಿ ಕಂಡಿರಬಹುದು. ಮರುದಿನ ಅದೇ ದಾರಿಯಲ್ಲಿ ಹಿಂದಿರುಗುವಾಗ, ಆ ತಾಕಿನ ಒಡೆಯನು ಆಗತಾನೆ ಅರಳತೊಡಗಿದ್ದ ಆ ಗಿಡಗಳನ್ನೇ ನೆಲಕ್ಕೆ ಕೆಡಹಿ ನೇಗಿಲಿನ ಸಾಲಿನೊಳಗೆ ಮುಚ್ಚುತ್ತಿರುವುದನ್ನು ಕಂಡು, ಇಷ್ಟು ಚೆಲುವಾದ ಬೆಳೆಯನ್ನು ಈತನು ಏತಕ್ಕಾಗಿ ಹಾಳುಮಾಡುತ್ತಿದ್ದಾನೆಂದು ಮರುಗಿಯೂ ಇರಬಹುದು. ಆ ಗಿಡ ಸೆಣಬು. ಅದನ್ನು ಬಿತ್ತಿದ್ದೇ ಹೀಗೆ ಮಣ್ಣಿಗೆ ಸೇರಿಸುವುದಕ್ಕಾಗಿ. ಮತ್ತು ಹಾಗೆ ಸೇರಿಸುವುದಕ್ಕೆ ಅದರ ಆಯುಷ್ಯದಲ್ಲಿ ಹೂವು ಕಣ್ಣುಬಿಟ್ಟ ಮೊದಲ ವಾರಕ್ಕಿಂತ ಪ್ರಶಸ್ತವಾದ ಕಾಲ ಬೇರೊಂದಿಲ್ಲ. ಈ ಒಂದು ವಾರವನ್ನು ಗುರುತಿಸಿ ಕೈಬಿಡದೆ ಹಿಡಿಯಬಲ್ಲವನಿಗೆ ಸೆಣಬಿನ ಕೃಷಿಯಲ್ಲಿ ಮಿಕ್ಕ ಯಾವ ಭಾಗವೂ ಕಷ್ಟವೆನಿಸದು.

ಹೆಸರಿನ ವಿಷಯದಲ್ಲಿ ಮೊದಲೇ ಒಂದು ಎಚ್ಚರ ಹೇಳಬೇಕಾಗಿದೆ. ವಂಗದೇಶದ ಜವುಗು ನೆಲದಲ್ಲಿ ಬೆಳೆದು ಕಾರ್ಖಾನೆಯ ಗೋಣಿಚೀಲವಾಗಿ ಬರುವ ಜೂಟನ್ನು ನಮ್ಮಲ್ಲಿ ಸೆಣಬೆಂದೇ ಕರೆಯುತ್ತಾರೆ. ಉತ್ತರ ಕರ್ನಾಟಕದವರು ಸೊಪ್ಪನ್ನು ಪಲ್ಯಕ್ಕೆ ಬಳಸುವ ಪುಂಡಿಯ ನಾರಿಗೂ ಒಮ್ಮೊಮ್ಮೆ ಇದೇ ಹೆಸರು ಸಲ್ಲುವುದುಂಟು. ಇವೆರಡೂ ದ್ವಿದಳ ಧಾನ್ಯಗಳ ಕುಲಕ್ಕೆ ಸೇರಿದವಲ್ಲ. ಇಲ್ಲಿ ಹೇಳುತ್ತಿರುವುದು ಅವರೆ, ಹುರುಳಿ, ಅಲಸಂದೆಗಳ ದಾಯಾದಿಯಾದ, ಕೃಷಿ ಇಲಾಖೆಯವರು ಅಪ್ಸೆಣಬು ಎಂದು ಬರೆಯುವ, ತೆಲುಗರು ಜನುಮು ಎನ್ನುವ, ಸಂಸ್ಕೃತದಲ್ಲಿ ಶಣವೆಂದು ಪ್ರಸಿದ್ಧವಾದ ಏಕವಾರ್ಷಿಕ ಸಸ್ಯ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸೂತ್ರಾಧ್ಯಕ್ಷನು ನೂಲಿಸಬೇಕಾದ ಪದಾರ್ಥಗಳ ಸಾಲಿನಲ್ಲಿ ಉಣ್ಣೆ ಹತ್ತಿಗಳೊಡನೆ ಶಣದ ಹೆಸರೂ ಇದೆ. 1800-01ರಲ್ಲಿ ಮೈಸೂರು ಸೀಮೆಯನ್ನು ಸಂಚರಿಸಿದ ಫ್ರಾನ್ಸಿಸ್ ಬುಕನನ್ ತನ್ನ ಪ್ರವಾಸಗ್ರಂಥದಲ್ಲಿ ಈ ಗಿಡದ ನಾರಿನಿಂದ ಗೋಣಿ ನೇಯುವವರ ವೃತ್ತಾಂತವನ್ನು ಬರೆದಿದ್ದಾನೆ. 1753ರಲ್ಲಿ ಲಿನೇಯಸನು ಇದಕ್ಕೆ ಕ್ರೊಟಲೇರಿಯ ಜುನ್ಸಿಯ ಎಂಬ ಶಾಸ್ತ್ರೀಯ ನಾಮವನ್ನಿತ್ತನು. ಮೊದಲ ಪದವು ಗ್ರೀಕರ ಚಿಟಿಕೆವಾದ್ಯದ ಹೆಸರಿನಿಂದ ಬಂದುದು. ಒಣಗಿದ ಕಾಯಿಯೊಳಗೆ ಬೀಜಗಳು ಸಡಿಲವಾಗಿ ಗಿಲಿಗಿಲಿಗುಟ್ಟುವುದನ್ನು ಕೇಳಿದ ಯಾವ ಮಗುವಿಗೂ ಈ ನಾಮಕರಣದ ಔಚಿತ್ಯವನ್ನು ಯಾರೂ ವಿವರಿಸಬೇಕಾಗಿಲ್ಲ.

ಗಿಡದ ಆಕಾರ ಸರಳವಾದುದು. ಬೆತ್ತದಂತೆ ನೆಟ್ಟಗೆ ಏರುವ, ಉದ್ದುದ್ದ ಏಣುಗಳುಳ್ಳ ಒಂದು ಕಾಂಡ. ತನ್ನ ಕುಲದ ಹೆಚ್ಚಿನವರಂತೆ ಮೂರೆಲೆಯಾಗಿ ಸೀಳದೆ ಒಂಟಿಯಾಗಿಯೇ ಉಳಿದ, ನೀಳವಾದ, ರೇಷ್ಮೆಯಂತಹ ಸಣ್ಣ ರೋಮಗಳಿಂದ ಮಿರುಗುವ ಎಲೆಗಳು. ತುದಿಯಲ್ಲಿ ಒಂದು ಗೇಣಿನ ಹೂಗೊಂಚಲು. ಹೂವು ಅವರೆಯ ಹೂವಿನ ಮಾದರಿಯದೇ ಆದರೂ ಗಾತ್ರದಲ್ಲಿ ದೊಡ್ಡದು. ಹಿಂದೆ ನಿಮಿರಿ ನಿಲ್ಲುವ ಅಗಲವಾದ ಎಸಳಿನ ಬೆನ್ನಿನ ಮೇಲೆ ಕೆಂಗಂದು ಬಣ್ಣದ ಗೀರುಗಳನ್ನು ಹತ್ತಿರದಿಂದ ನೋಡಿದವರು ಮಾತ್ರ ಕಾಣಬಲ್ಲರು. ನೆಲ ಚೆನ್ನಾಗಿದ್ದರೆ ಗಿಡವು ಆಳೆತ್ತರವನ್ನು ಮೀರಿ ಏಳೆಂಟು ಅಡಿಯವರೆಗೂ ಹೋಗುವುದು.

ಇದಕ್ಕೆ ಬೇಕಾದುದರಲ್ಲಿ ಮೊದಲನೆಯದು ಬಿಸಿಲು, ಎರಡನೆಯದೂ ಬಿಸಿಲೇ. ದಿನಕ್ಕೆ ಕನಿಷ್ಠ ಆರು ಗಂಟೆಯಾದರೂ ನೇರವಾದ ಸೂರ್ಯಪ್ರಕಾಶ ಬೀಳದ ಸ್ಥಳದಲ್ಲಿ ಸೆಣಬನ್ನು ಬಿತ್ತುವುದು ಬೀಜದ ಅಪವ್ಯಯವೆಂದೇ ತಿಳಿಯತಕ್ಕದ್ದು. ನೆರಳಿನಲ್ಲಿ ಅದು ಸಾಯುವುದಿಲ್ಲ, ನಿಜ. ಆದರೆ ಬೆಳಕನ್ನು ಅರಸುತ್ತ ಕಡ್ಡಿಯಂತೆ ಸಣಕಲಾಗಿ ಉದ್ದಕ್ಕೆ ಬೆಳೆದು, ಎಲೆ ವಿರಳವಾಗಿ, ಮೊದಲ ಗಾಳಿಮಳೆಗೆ ಮಲಗಿಬಿಡುತ್ತದೆ. ಅಡಿಕೆಯ ತೋಟದ ದಟ್ಟ ನೆರಳಿನೊಳಗೆ ಹಸುರು ಗೊಬ್ಬರವಾದೀತೆಂದು ಇದನ್ನು ಚೆಲ್ಲಿ ನಿರಾಶರಾದವರನ್ನು ನಾನು ಬಲ್ಲೆನು. ಅಂತಹ ತೋಟಗಳಿಗೆ ಬೇಲಿಯ ಮೇಲಿನ ಗೊಬ್ಬರದ ಗಿಡದ ಸೊಪ್ಪನ್ನೋ ಹೊಂಗೆಯ ಸೊಪ್ಪನ್ನೋ ತಂದು ಹಾಕುವುದೇ ಯುಕ್ತ. ಗರಿಗಳು ಇನ್ನೂ ಕೂಡಿಕೊಳ್ಳದ ಎಳೆಯ ತೆಂಗಿನ ತೋಟದಲ್ಲಿಯಾದರೋ, ಸಾಲುಗಳ ನಡುವಣ ಬಯಲಿನಲ್ಲಿ, ಸೆಣಬು ಹರ್ಷದಿಂದ ಬೆಳೆಯುತ್ತದೆ.

ಮಣ್ಣಿನ ವಿಷಯದಲ್ಲಿ ಅದಕ್ಕೆ ಅಷ್ಟು ಹಠವಿಲ್ಲ. ಕೆಂಪು ಮರಳುಗೋಡು, ಕಪ್ಪು ಎರೆ, ಸಾರಗೆಟ್ಟ ಮೆಟ್ಟುನೆಲ ಯಾವುದಾದರೂ ಸರಿ. ಬೇರು ಆಳಕ್ಕಿಳಿದು ತನ್ನ ದಾರಿಯನ್ನು ತಾನೇ ಮಾಡಿಕೊಳ್ಳುತ್ತದೆ. ಸಹಿಸಲಾರದ್ದು ಒಂದೇ, ನಿಂತ ನೀರು. ಬುಡದಲ್ಲಿ ನಾಲ್ಕು ದಿನ ನೀರು ನಿಂತಿತೆಂದರೆ ಎಲೆ ಹಳದಿಗಟ್ಟಿ ಗಿಡ ಕಂಗೆಡುತ್ತದೆ. ಆದಕಾರಣ ತಗ್ಗಿನ ಗದ್ದೆಗೂ, ಕಾಲುವೆಯ ಕೆಳಗಿನ ಚೌಳು ನೆಲಕ್ಕೂ, ನೀರನ್ನೂ ಉಪ್ಪನ್ನೂ ತಾಳಿಕೊಳ್ಳಬಲ್ಲ ಡಯಾಂಚವನ್ನು ಬಿತ್ತಬೇಕು. ನೀರು ಬಸಿದುಹೋಗುವ ಹೊಲಕ್ಕೂ ಎತ್ತರದ ಗದ್ದೆಗೂ ಸೆಣಬನ್ನು ಬಿತ್ತಬೇಕು. ಈ ಎರಡನ್ನು ಅದಲುಬದಲು ಮಾಡಿದವರು ಬೀಜವನ್ನು ದೂರುವುದು ನ್ಯಾಯವಲ್ಲ.

ಬಿತ್ತನೆಯ ಕಾಲವನ್ನು ಕುರಿತು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಏಕೆಂದರೆ ಈ ಗಿಡವು ಹಗಲಿನ ಉದ್ದವನ್ನು ಅಳೆದು ನೋಡಿ ಹೂಬಿಡುವ ಜಾತಿಯದು. ಹಗಲು ದೀರ್ಘವಾಗಿರುವ ಮುಂಗಾರಿನಲ್ಲಿ ಅದು ಹೂವಿನ ಚಿಂತೆಯನ್ನು ಬದಿಗಿಟ್ಟು ಸೊಪ್ಪನ್ನೂ ಕಾಂಡವನ್ನೂ ಬೆಳೆಸುತ್ತದೆ. ಹಗಲು ಕುಗ್ಗುತ್ತ ಬರುವ ಹಿಂಗಾರಿನಲ್ಲಿ ಸೊಂಟದೆತ್ತರಕ್ಕೂ ಏರುವ ಮುನ್ನವೇ ಹೂವಿಗೆ ಬಂದುಬಿಡುತ್ತದೆ. ಇದನ್ನರಿತರೆ ಯಾವ ಉದ್ದೇಶಕ್ಕೆ ಎಂದು ಬಿತ್ತಬೇಕೆಂಬುದು ತಾನಾಗಿಯೇ ತಿಳಿಯುತ್ತದೆ. ಗೊಬ್ಬರ ಬೇಕಾದವರು ಮೇ ತಿಂಗಳ ನಡುವಿನಲ್ಲಿ ಬೀಳುವ ಕೃತ್ತಿಕೆಯ ಮಳೆಗೆ, ಅದು ತಪ್ಪಿದರೆ ರೋಹಿಣಿಗೆ, ಬಿತ್ತಬೇಕು. ಆಗ ಜುಲೈ ಮೊದಲ ಭಾಗದ ಹೊತ್ತಿಗೆ, ಎಂದರೆ ಆರ್ದ್ರೆ ಕಳೆದು ಪುನರ್ವಸು ಹಿಡಿಯುವ ಸಮಯಕ್ಕೆ, ಗಿಡವು ಮಣ್ಣಿಗೆ ಸೇರಿಸುವ ಹದಕ್ಕೆ ಬಂದಿರುತ್ತದೆ. ಅದು ಕರಗುವಷ್ಟರಲ್ಲಿ ರಾಗಿಯ ಬಿತ್ತನೆಗೋ ಪೈರಿನ ನಾಟಿಗೋ ಕಾಲ ಕೂಡಿಬರುತ್ತದೆ. ನಮ್ಮ ಹಿರಿಯರ ಮಳೆನಕ್ಷತ್ರಗಳ ಲೆಕ್ಕದೊಳಗೆ ಈ ಬೆಳೆಯು ಇಷ್ಟು ಸೊಗಸಾಗಿ ಹೊಂದಿಕೊಳ್ಳುವುದನ್ನು ನೋಡಿದರೆ, ರಾಗಿಗೂ ಸೆಣಬಿಗೂ ಬಹುಕಾಲದ ಒಡನಾಟವಿದ್ದಂತೆ ತೋರುತ್ತದೆ. ಬೀಜ ಬೇಕಾದವರು ಮಾತ್ರ ಆಗಸ್ಟಿನ ಕೊನೆಯವರೆಗೆ ಕಾದು ಬಿತ್ತುವುದು ಲೇಸು. ಗಿಡ ಹದವಾಗಿ ಬೆಳೆದು, ಕಾಯಿ ಬಲಿಯುವಾಗ ಮಳೆಯ ಕಾಟ ತಪ್ಪುತ್ತದೆ.

ಬೀಜವು ಬೂದುಗಪ್ಪು ಬಣ್ಣದ್ದು, ಮೂತ್ರಪಿಂಡದ ಆಕಾರದ್ದು, ನುಣುಪಾದದ್ದು. ಕೊಂಡುತಂದ ಬೀಜವನ್ನು ನಂಬಿ ಹೊಲಕ್ಕೆ ಎರಚುವ ಮೊದಲು ನೂರು ಬೀಜಗಳನ್ನು ಎಣಿಸಿ ಒದ್ದೆಯ ಬಟ್ಟೆಯಲ್ಲಿ ಸುತ್ತಿಡಿರಿ. ನಾಲ್ಕನೆಯ ದಿನ ಬಿಚ್ಚಿ ನೋಡಿದಾಗ ಎಂಬತ್ತಕ್ಕೆ ಕಡಮೆಯಿಲ್ಲದೆ ಮೊಳೆತಿದ್ದರೆ ಬೀಜ ಸಾಚಾ ಎನ್ನಬಹುದು. ಹಸುರು ಗೊಬ್ಬರಕ್ಕಾಗಿ ಎಕರೆಗೆ 20ರಿಂದ 25 ಕಿಲೋಗ್ರಾಂ ಬೀಜವನ್ನು ಒತ್ತಾಗಿಯೇ ಚೆಲ್ಲಬೇಕು. ಒತ್ತಾಗಿದ್ದಷ್ಟೂ ಕಾಂಡ ಮೆದುವಾಗಿರುತ್ತದೆ, ಕಳೆಗೆ ಬೆಳಕು ಸಿಕ್ಕದೆ ಅದು ತಾನಾಗಿ ಅಡಗುತ್ತದೆ. ಹತ್ತಡಿ ಉದ್ದ ಹತ್ತಡಿ ಅಗಲದ ಕೈತೋಟದ ಮಡಿಗೆ ಇದೇ ಪ್ರಮಾಣದಲ್ಲಿ 50ರಿಂದ 60 ಗ್ರಾಂ ಸಾಕು. ಚೆಲ್ಲಿದ ಮೇಲೆ ಹಲುಬೆಯನ್ನೋ ಕುಂಟೆಯನ್ನೋ ಹಗುರವಾಗಿ ಆಡಿಸಿ, ಅರ್ಧ ಅಂಗುಲದಿಂದ ಒಂದಂಗುಲದವರೆಗಿನ ಮಣ್ಣನ್ನು ಮುಚ್ಚಬೇಕು. ಹದವಾದ ತೇವವಿದ್ದರೆ ಮೂರು ನಾಲ್ಕು ದಿನಗಳಲ್ಲಿ ಜೋಡಿ ಎಲೆಗಳು ಮೇಲೇಳುತ್ತವೆ. ಮೊದಲ ಒಂದು ವಾರ ಗುಬ್ಬಿ ಪಾರಿವಾಳಗಳಿಂದ ಕಾಪಾಡಿಕೊಂಡರೆ ಮುಂದೆ ಅದು ತನ್ನನ್ನು ತಾನು ನೋಡಿಕೊಳ್ಳುತ್ತದೆ.

ಸೆಣಬಿನ ಮಹಿಮೆಯೆಲ್ಲ ಮಣ್ಣಿನ ಕೆಳಗಿದೆ. ಮೊಳೆತ ಮೂರು ವಾರಗಳೊಳಗಾಗಿ ಅದರ ಬೇರುಗಳ ಮೇಲೆ ರಾಗಿಕಾಳಿನಿಂದ ಕಡಲೆಯ ಗಾತ್ರದವರೆಗಿನ ಸಣ್ಣ ಸಣ್ಣ ಗಂಟುಗಳು ಮೂಡುತ್ತವೆ. ಒಂದೊಂದು ಗಂಟಿನೊಳಗೂ ಕಣ್ಣಿಗೆ ಕಾಣದ ಅಸಂಖ್ಯಾತ ಜೀವಾಣುಗಳು ಬಿಡಾರ ಹೂಡಿ, ಗಿಡದಿಂದ ಸಕ್ಕರೆಯನ್ನು ಪಡೆದು, ಅದಕ್ಕೆ ಪ್ರತಿಯಾಗಿ ನಾವು ಉಸಿರಾಡುವ ಈ ಗಾಳಿಯಲ್ಲಿನ ಸಾರಜನಕವನ್ನು ಗಿಡವು ಉಣ್ಣಬಲ್ಲ ರೂಪಕ್ಕೆ ಪರಿವರ್ತಿಸಿ ಕೊಡುತ್ತವೆ. ಈ ಸಾಹಚರ್ಯವು ನಡೆಯುತ್ತಿದೆಯೇ ಇಲ್ಲವೇ ಎಂಬುದನ್ನು ಯಾವ ಪ್ರಯೋಗಶಾಲೆಯ ನೆರವೂ ಇಲ್ಲದೆ ಪ್ರತಿಯೊಬ್ಬನೂ ಪರೀಕ್ಷಿಸಬಹುದು. ಒಂದು ತಿಂಗಳ ಗಿಡವೊಂದನ್ನು, ಕೀಳದೆ, ಗುದ್ದಲಿಯಿಂದ ಮಣ್ಣಿನ ಹೆಂಟೆಯ ಸಮೇತ ಎಬ್ಬಿಸಿ, ನೀರಿನಲ್ಲಿ ಅಲುಬಿ, ಒಂದು ಗಂಟನ್ನು ಉಗುರಿನಿಂದ ಸೀಳಿ ನೋಡಿರಿ. ಒಳಗೆ ನಸುಗೆಂಪು ಬಣ್ಣವಿದ್ದರೆ ಕೆಲಸ ಸಾಗಿದೆ. ಆ ಕೆಂಪು ನಮ್ಮ ರಕ್ತಕ್ಕೆ ಬಣ್ಣ ಕೊಡುವ ದ್ರವ್ಯದ ಹತ್ತಿರದ ಬಂಧುವಿನಿಂದ ಬಂದದ್ದು. ಬೆಳ್ಳಗೋ ಹಸುರಾಗಿಯೋ ಇದ್ದರೆ ಕೆಲಸ ಸಾಗಿಲ್ಲ. ಮೊದಲ ಸಲ ಈ ಕೆಂಪನ್ನು ಕಂಡಾಗ ನನಗಾದ ವಿಸ್ಮಯವನ್ನು ಇಂದಿಗೂ ಮರೆತಿಲ್ಲ.

ಅಲಸಂದೆ, ಹುರುಳಿ, ಅವರೆಗಳನ್ನು ಬೆಳೆದ ನೆಲದಲ್ಲಿ ಈ ಜೀವಾಣುಗಳು ಸಹಜವಾಗಿಯೇ ಇರುತ್ತವೆ. ಸೆಣಬು ಅವನ್ನೇ ಬಳಸಿಕೊಳ್ಳಬಲ್ಲುದು. ಬಹುಕಾಲ ಬೀಳುಬಿದ್ದ ಅಥವಾ ಹೊಸದಾಗಿ ಹಸನುಮಾಡಿದ ನೆಲವಾದರೆ, ಕೃಷಿಕೇಂದ್ರಗಳಲ್ಲಿ ದೊರೆಯುವ ರೈಜೋಬಿಯಂ ಪುಡಿಯನ್ನು ಬೆಲ್ಲದ ತೆಳುಪಾಕದಲ್ಲಿ ಕಲಸಿ, ಬೀಜಕ್ಕೆ ಲೇಪಿಸಿ, ನೆರಳಿನಲ್ಲಿ ಆರಿಸಿ, ಅಂದೇ ಬಿತ್ತಬೇಕು. ಪುಡಿಯನ್ನು ಬಿಸಿಲಿನಲ್ಲಿಡಕೂಡದು, ಗಿಡಕ್ಕೆ ಪ್ರಿಯವಾದ ಬಿಸಿಲು ಈ ಜೀವಾಣುಗಳಿಗೆ ಮೃತ್ಯು. ಯೂರಿಯಾ ಹಾಕುವ ಅಗತ್ಯವಿಲ್ಲವೆಂಬುದಷ್ಟೇ ಅಲ್ಲ, ಹಾಕಿದರೆ ಬೇರಿಗೆ ಗಂಟು ಕಟ್ಟುವ ಗೊಡವೆಯೇ ಬೇಡವಾಗುತ್ತದೆ. ಅನಾಯಾಸವಾಗಿ ಅನ್ನ ದೊರೆಯುವಾಗ ಗಿಡವು ಜೀವಾಣುಗಳಿಗೆ ಸಕ್ಕರೆಯನ್ನೇಕೆ ಕೊಟ್ಟೀತು? ಮುಂದಿನ ಬೆಳೆಗೆಂದು ಇಟ್ಟಿರುವ ರಂಜಕದ ಗೊಬ್ಬರವನ್ನು ಮಾತ್ರ ಸೆಣಬಿಗೇ ಮುಂಚಿತವಾಗಿ ಕೊಡುವುದು ಜಾಣತನ: ಅದು ಗಂಟುಗಳನ್ನು ಪುಷ್ಟಿಗೊಳಿಸಿ, ಸೊಪ್ಪಿನ ಮೂಲಕ ಮತ್ತೆ ರಾಗಿಗೆ ತಲಪುತ್ತದೆ.

ಗಂಟುಗಳ ವಿಚಾರದಲ್ಲಿ ತರಕಾರಿ ಬೆಳೆಯುವವರಿಗೊಂದು ಮಾತು. ಟೊಮೆಟೊ, ಬದನೆ, ಬೆಂಡೆಗಳ ಬೇರನ್ನು ಹಿಡಿಯುವ ಜಂತುಹುಳುವಿನ ಗಂಟುರೋಗವನ್ನು ಕಂಡವರು ಸೆಣಬಿನ ಬೇರನ್ನು ನೋಡಿ ಗಾಬರಿಗೊಳ್ಳುವುದುಂಟು. ಬೆರಳಿನಿಂದ ಉಜ್ಜಿದರೆ ಕಳಚಿ ಬರುವುದು ಒಳ್ಳೆಯ ಗಂಟು. ಬೇರೇ ಊದಿಕೊಂಡು, ಉಜ್ಜಿದರೂ ಬಿಡದಿರುವುದು ರೋಗದ ಗಂಟು. ಸೆಣಬು ಆ ಜಂತುಹುಳುವನ್ನು ಹತ್ತಿಸಿಕೊಳ್ಳದೆ ಅದರ ಸಂತತಿಯನ್ನು ಕ್ಷೀಣಗೊಳಿಸುತ್ತದೆ. ಟೊಮೆಟೊ ಸೋತ ಮಡಿಯಲ್ಲಿ ಒಂದು ಸಲ ಸೆಣಬನ್ನು ಬೆಳೆದು ಮುಚ್ಚಿ ಅನಂತರ ಮತ್ತೆ ತರಕಾರಿ ಹಾಕಿದರೆ ಫಲ ಕಣ್ಣಿಗೆ ಕಾಣುವಂತಿರುತ್ತದೆ.

ನೀರು, ಕಳೆಗಳ ಆರೈಕೆ ಹೆಚ್ಚು ಬೇಕಿಲ್ಲ. ಬಿತ್ತಿದ ಮೇಲೆ ಮಳೆ ಎರಡು ವಾರಕ್ಕೂ ಮೀರಿ ಕೈಕೊಟ್ಟರೆ ಒಮ್ಮೆ ನೀರುಣಿಸಿದರಾಯಿತು.

ಇನ್ನು ಆ ಒಂದು ವಾರದ ವಿಷಯ. ಮುಂಗಾರಿನ ಸೆಣಬು ನಲವತ್ತೈದರಿಂದ ಅರುವತ್ತು ದಿನಗಳೊಳಗೆ ಮೊಗ್ಗು ತೋರಿ ಹೂಬಿಡತೊಡಗುತ್ತದೆ. ಅದುವರೆಗೆ ದಿನದಿನಕ್ಕೂ ಏರುತ್ತಿದ್ದ ಸೊಪ್ಪಿನ ರಾಶಿ ಆಗ ತುಂಬುಬಂದಿರುತ್ತದೆ, ಕಾಂಡವಾದರೋ ಇನ್ನೂ ಉಗುರಿಗೆ ಬಗ್ಗುವಷ್ಟು ಎಳೆಯದಾಗಿರುತ್ತದೆ. ಇದಾದ ಮೇಲೆ ಗಿಡದ ಲಕ್ಷ್ಯವೆಲ್ಲ ಬೀಜದ ಕಡೆಗೆ ತಿರುಗಿ, ಎಲೆಯ ಸಾರವು ಕಾಯಿಗೆ ಹೋಗುತ್ತದೆ. ಕಾಂಡವು ತನ್ನೊಳಗಿನ ನಾರನ್ನು ಗಟ್ಟಿಮಾಡಿಕೊಳ್ಳುತ್ತ ದಿನಕ್ಕೊಂದು ಹದದಂತೆ ಮರವಾಗುತ್ತದೆ. ಹೊಲದ ಹತ್ತು ಗಿಡಗಳಲ್ಲಿ ಒಂದೆರಡರ ತುದಿ ಹಳದಿಯಾದಂದು ನೇಗಿಲನ್ನು ಸಿದ್ಧಮಾಡಿಕೊಳ್ಳಬೇಕು, ಅರ್ಧ ಹೊಲ ಹಳದಿಯಾಗುವುದರೊಳಗೆ ಕೆಲಸ ಮುಗಿದಿರಬೇಕು.

ಈ ಮಾತನ್ನು ನಾನು ಕೇಳಿದ್ದೆನಾದರೂ ಮೊದಲ ವರ್ಷ ನಡೆಸಲಿಲ್ಲ. ಮನೆಯ ಮುಂದಿನ ಅರ್ಧ ಎಕರೆಯಲ್ಲಿ ಬಿತ್ತಿದ ಸೆಣಬು ಆಷಾಢದ ಒಂದು ಬೆಳಗ್ಗೆ ಒಮ್ಮೆಲೇ ಅರಳಿ ನಿಂತಾಗ, ಮೋಡದ ಬೂದುಬಣ್ಣದ ಕೆಳಗೆ ಆ ಹೊನ್ನಿನ ಹಾಸು ತೂಗಾಡುವುದನ್ನು ನೋಡಿ, ನೇಗಿಲು ಹೂಡುವುದಕ್ಕೆ ಮನಸ್ಸು ಬಾರದೆ, ಇನ್ನೆರಡು ದಿನ, ಇನ್ನೆರಡು ದಿನ ಎಂದು ಮೂರು ವಾರಗಳನ್ನು ಕಳೆದೆನು. ಅಷ್ಟರಲ್ಲಿ ಕಾಂಡಗಳು ಹಂಬುಹಂಬಾಗಿ ನೇಗಿಲಿಗೆ ಸುತ್ತಿಕೊಂಡು ಎತ್ತುಗಳು ಎಳೆಯಲಾರದೆ ನಿಂತವು. ಕತ್ತಿಯಿಂದ ಕೊಚ್ಚಿ ಕೊಚ್ಚಿ ಹೇಗೋ ಮುಚ್ಚಿದ್ದಾಯಿತು. ಆಮೇಲೆ ಬಿತ್ತಿದ ರಾಗಿ ಗೇಣುದ್ದ ಬೆಳೆದು ಅಲ್ಲಿಯೇ ಹಳದಿಗೆ ತಿರುಗಿ ಮಂಕಾಗಿ ಕುಳಿತಿತು. ಕಾರಣವನ್ನು ಅನಂತರ ತಿಳಿದೆನು: ಎಳೆಯ ಸೊಪ್ಪನ್ನು ಕರಗಿಸುವ ಮಣ್ಣಿನ ಜೀವಾಣುಗಳಿಗೆ ಆ ಸೊಪ್ಪಿನಲ್ಲಿಯೇ ಸಾಕಷ್ಟು ಸಾರಜನಕ ದೊರೆತು ಮಿಕ್ಕದ್ದು ಪೈರಿಗೆ ಉಳಿಯುತ್ತದೆ, ಬಲಿತ ಕಟ್ಟಿಗೆಯನ್ನು ಕರಗಿಸಲು ಅವು ಮಣ್ಣಿನಲ್ಲಿದ್ದ ಸಾರಜನಕವನ್ನೂ ಎಳೆದುಕೊಂಡು ಪೈರನ್ನು ಕೆಲವು ವಾರ ಉಪವಾಸ ಕೆಡಹುತ್ತವೆ. ಸಾಲ ಕೊಡಬೇಕಾಗಿದ್ದ ಸೆಣಬು ಸಾಲ ಕೇಳುವಂತಾದದ್ದು ನನ್ನ ವಿಳಂಬದ ಫಲ.

ಸಕಾಲದಲ್ಲಿ ಮುಚ್ಚಿದರೆ ಆಗುವ ಲಾಭವನ್ನು ಲೆಕ್ಕಹಾಕಿ ನೋಡಬಹುದು. ಹಸುರಾಗಿ ತೂಗಿದ ಸೆಣಬಿನಲ್ಲಿ ನೂರಕ್ಕೆ 0.43ರಷ್ಟು ಸಾರಜನಕವಿರುತ್ತದೆಂಬುದು ನಮ್ಮ ಕೃಷಿಶಾಸ್ತ್ರದ ಪುಸ್ತಕಗಳಲ್ಲಿ ರೂಢವಾಗಿರುವ ಅಂಕಿ. ಎಕರೆಯೊಂದಕ್ಕೆ 7 ಟನ್ ಸೊಪ್ಪು ಬಂದಿತೆಂದಿಟ್ಟುಕೊಂಡರೆ ಅದರಲ್ಲಿ 30 ಕಿಲೋಗ್ರಾಂ ಸಾರಜನಕ. ಯೂರಿಯಾದ ರೂಪದಲ್ಲಿ ಇದನ್ನು ಕೊಳ್ಳಬೇಕಾದರೆ 65 ಕಿಲೋಗ್ರಾಂ ಬೇಕು. ಅದೆಲ್ಲವೂ ಮೊದಲ ಬೆಳೆಗೇ ದಕ್ಕುವುದಿಲ್ಲ, ಒಂದು ಪಾಲು ಮಣ್ಣಿನಲ್ಲಿ ಉಳಿದು ಮುಂದಿನ ವರ್ಷಕ್ಕೆ ಬರುತ್ತದೆ. ಆದರೆ ಸೊಪ್ಪಿನೊಡನೆ ಬರುವ ಮಣ್ಣಿನ ಮೆದುತನವನ್ನೂ ತೇವವನ್ನು ಹಿಡಿದಿಡುವ ಗುಣವನ್ನೂ ಯಾವ ಮೂಟೆಯಲ್ಲಿಯೂ ತುಂಬಿ ಮಾರುವಂತಿಲ್ಲ.

ಮುಚ್ಚುವ ವಿಧಾನ ಹೀಗೆ. ಮೊದಲು ಹಲಗೆಯನ್ನು ಆಡಿಸಿ ಗಿಡಗಳನ್ನೆಲ್ಲ ಒಂದೇ ದಿಕ್ಕಿಗೆ ಮಲಗಿಸಬೇಕು. ಅನಂತರ ಅದೇ ದಿಕ್ಕಿನಲ್ಲಿ ನೇಗಿಲನ್ನು ನಡೆಸಿದರೆ ಬುಡ ಮೇಲೆದ್ದು ತುದಿ ಒಳಗಾಗಿ ಗಿಡವು ಸಾಲಿನಲ್ಲಿ ತಾನೇ ಮಲಗುತ್ತದೆ. ಟ್ರಾಕ್ಟರಿನ ರೋಟವೇಟರ್ ಇದ್ದಲ್ಲಿ ಎರಡು ಸುತ್ತಿನಲ್ಲಿ ಕೆಲಸ ಮುಗಿಯುತ್ತದೆ. ಆಗ ನೆಲದಲ್ಲಿ ತೇವವಿರಲೇಬೇಕು. ಒಣನೆಲದಲ್ಲಿ ಹೂತ ಸೊಪ್ಪು ಕರಗದೆ ಒಣಗಿ ಗೆದ್ದಲಿಗೆ ಆಹಾರವಾಗುತ್ತದೆ. ಗದ್ದೆಯಾದರೆ ನೀರು ಕಟ್ಟಿ ತುಳಿದು ಒಂದು ವಾರದಲ್ಲಿ ನಾಟಿ ಮಾಡಬಹುದು. ಹೊಲದಲ್ಲಿ ಎರಡರಿಂದ ಮೂರು ವಾರ ಕಾದು, ಮಣ್ಣನ್ನು ಕೈಯಲ್ಲಿ ಹಿಡಿದಾಗ ಹಸಿಸೊಪ್ಪಿನ ನಾತ ಹೋಗಿ ಮಣ್ಣಿನ ವಾಸನೆ ಬಂದ ಮೇಲೆ ಬಿತ್ತಬೇಕು.

ಹೊಲವಿಲ್ಲದ ಪಟ್ಟಣವಾಸಿಗಳೂ ಈ ಗಿಡದಿಂದ ದೂರವಿರಬೇಕಾಗಿಲ್ಲ. ಬೆಂಗಳೂರು ಮೈಸೂರುಗಳ ಹೂದೋಟದವರು ಪರದೇಶದ ಹೂಬಟಾಣಿಯನ್ನು ಎಷ್ಟು ಮುತುವರ್ಜಿಯಿಂದ ಬೆಳೆಸುತ್ತಾರೆಂಬುದನ್ನು ನಾನು ಬಲ್ಲೆನು. ಅದರ ಪರಿಮಳಕ್ಕೆ ಸೆಣಬಿನಲ್ಲಿ ಸಾಟಿಯಿಲ್ಲವೆಂಬುದನ್ನೂ ಒಪ್ಪುತ್ತೇನೆ. ಆದರೆ ನಮ್ಮ ಬಿಸಿಲಿಗೆ ಬಾಡದೆ, ಚಪ್ಪರ ಬೇಡದೆ, ಗೋಡೆಯ ಬದಿಗೆ ಹೊನ್ನಿನ ಅಂಚನ್ನು ಕಟ್ಟಬಲ್ಲ ಹೂವೆಂದು ಸೆಣಬಿಗೆ ತೋಟದಲ್ಲಿ ಒಂದು ಸ್ಥಾನ ಸಲ್ಲಬೇಕು. ಹೂವಿಗಾಗಿ ಬೆಳೆಸುವಾಗ ವಿಧಾನವು ತಿರುಗುಮುರುಗಾಗುತ್ತದೆ: ಒತ್ತಾಗಿ ಅಲ್ಲ, ಗಿಡದಿಂದ ಗಿಡಕ್ಕೆ ಒಂದು ಅಡಿಯ ಅಂತರದಲ್ಲಿ, ಮಂಡಿಯೆತ್ತರಕ್ಕೆ ಬಂದಾಗ ತುದಿಯನ್ನು ಚಿವುಟಿದರೆ ಪಕ್ಕದ ಕಣ್ಣುಗಳೊಡೆದು ನಾಲ್ಕಾರು ಕೊಂಬೆಗಳೂ ಅಷ್ಟೇ ಹೂಗೊಂಚಲುಗಳೂ ಬರುತ್ತವೆ. ಸೆಪ್ಟೆಂಬರಿನಲ್ಲಿ ಬಿತ್ತಿದ ಗಿಡ ಅತಿಯಾಗಿ ಎತ್ತರ ಹೋಗದೆ ಬೇಗ ಅರಳುವುದರಿಂದ ಮನೆಯಂಗಳಕ್ಕೆ ಅದೇ ಒಪ್ಪುತ್ತದೆ. ಮಹಡಿಯ ಮೇಲಿನ ಕುಂಡವಾದರೆ ಒಂದಡಿಗೆ ಕಡಮೆಯಿಲ್ಲದ ಆಳವಿರಲಿ. ಒಂದು ಊರೆಗೋಲನ್ನು ಮೊದಲೇ ನೆಟ್ಟಿರಲಿ. ಬಾಡಿದ ಹೂಗಳನ್ನು ಕಾಯಿಕಟ್ಟುವ ಮುನ್ನ ತೆಗೆಯುತ್ತ ಬಂದರೆ ಹೂವಿನ ಕಾಲ ಮೂರು ನಾಲ್ಕು ವಾರ ನಡೆಯುತ್ತದೆ. ಎಲ್ಲ ಮುಗಿದ ಮೇಲೆ ಗಿಡವನ್ನು ಕೊಚ್ಚಿ ಗುಲಾಬಿಯ ಬುಡಕ್ಕೆ ಹೊದಿಕೆಯಾಗಿ ಹಾಸಿರಿ.

ಹೂವಿದ್ದಲ್ಲಿಗೆ ಬರುವ ಅತಿಥಿಗಳನ್ನು ನೋಡುವುದೇ ಒಂದು ಸಂತೋಷ. ನೀಲಿಗಪ್ಪಿನ ರೆಕ್ಕೆಯ ದೊಡ್ಡ ಬಡಗಿ ದುಂಬಿ ಬಂದು ಕೂತು ತನ್ನ ಭಾರದಿಂದ ಹೂವಿನ ದೋಣಿಯಾಕಾರದ ಎಸಳನ್ನು ಕೆಳಗೊತ್ತಿದಾಗ, ಅದರ ಮೂತಿಯಿಂದ ಪರಾಗವು ಉಕ್ಕಿ ದುಂಬಿಯ ಎದೆಗೆ ಮೆತ್ತಿಕೊಳ್ಳುತ್ತದೆ. ಹೀಗೆ ಒತ್ತುವವರಿಲ್ಲದಿದ್ದರೆ ಹೂವು ಅರಳಿ ಉದುರುತ್ತದೆಯೇ ಹೊರತು ಕಾಯಿ ಕಟ್ಟುವುದು ಅಪರೂಪ. ಬೀಜಕ್ಕಾಗಿ ಬೆಳೆಯುವವರು ಬೇಲಿಯ ಹಳೆಯ ಒಣಮರದ ಕೊರಡುಗಳನ್ನು ತೆಗೆದುಹಾಕಬಾರದು. ದುಂಬಿಯ ಮನೆ ಅಲ್ಲಿದೆ. ನೀಲಿ ಗೆರೆಗಳ ಹುಲಿಚಿಟ್ಟೆಗಳ ಗಂಡುಗಳು ಗುಂಪುಗುಂಪಾಗಿ ಬಂದು, ಹೂವನ್ನು ಬಿಟ್ಟು, ಬಾಡಿದ ಎಲೆ ಒಣಗಿದ ಕಾಂಡಗಳನ್ನು ಹೀರುತ್ತ ಕೂರುವುದನ್ನು ಕಂಡು ಅಚ್ಚರಿಪಡುವವರುಂಟು: ಗಿಡದೊಳಗಿನ ಕಹಿ ಕ್ಷಾರದ್ರವ್ಯದಿಂದಲೇ ಅವು ಹೆಣ್ಣನ್ನು ಒಲಿಸುವ ಗಂಧವನ್ನು ತಯಾರಿಸಿಕೊಳ್ಳುತ್ತವೆ.

ಬರುವವರಲ್ಲಿ ಶತ್ರುಗಳೂ ಇದ್ದಾರೆ. ಬಿಳಿಯ ರೆಕ್ಕೆಯ ಮೇಲೆ ಕೆಂಪು ಕಪ್ಪು ಚುಕ್ಕೆಗಳುಳ್ಳ ಸುಂದರವಾದ ಪತಂಗವೊಂದು ಹಗಲಿನಲ್ಲಿಯೇ ಹಾರಾಡುವುದನ್ನು ಕಂಡರೆ, ಅದರ ರೋಮಭರಿತ ಹುಳುಗಳು ಎಲೆಯನ್ನು ತಿಂದು, ಮುಂದೆ ಕಾಯಿಯನ್ನು ಕೊರೆದು ಹಸಿಬೀಜವನ್ನು ಬರಿದುಮಾಡುವುವೆಂದು ತಿಳಿಯಬೇಕು. ಗೊಬ್ಬರದ ಬೆಳೆಗೆ ಇದರಿಂದ ಭಯವಿಲ್ಲ, ಹುಳುವಿನೊಡನೆಯೇ ಅದು ಮಣ್ಣಿಗೆ ಸೇರುತ್ತದೆ. ಬೀಜದ ಬೆಳೆಯಲ್ಲಿ ಮಾತ್ರ ಹುಳುಗಳನ್ನು ಕೈಯಿಂದ ಆಯಬೇಕು, ಹೆಚ್ಚಾದರೆ ಬೇವಿನ ಬೀಜದ ಕಷಾಯವನ್ನು ಸಂಜೆಯ ವೇಳೆ ಸಿಂಪಡಿಸಬೇಕು. ಗಿಡಗಳು ನಿಂತಲ್ಲಿಯೇ ಸೊರಗಿ ಒಣಗುವ ರೋಗ ಕಾಣಿಸಿಕೊಂಡ ತಾಕಿನಲ್ಲಿ ಮೂರು ವರ್ಷ ಸೆಣಬನ್ನು ಬಿತ್ತಕೂಡದು.

ಮೇಲೆ ಹೇಳಿದ ಕಹಿ ಕ್ಷಾರವು ಬೀಜದಲ್ಲಿ ಹೆಚ್ಚಾಗಿರುವುದರಿಂದ ಅದು ದನ, ಕುದುರೆ, ಹಂದಿ, ಕೋಳಿಗಳಿಗೆ ವಿಷ; ಪಿತ್ತಜನಕಾಂಗವನ್ನು ಕೆಡಿಸುವಂಥದು. ಬೀಜ ಬಡಿದ ಕಣದ ಹೊಟ್ಟನ್ನು ದನಗಳಿಗೆ ಹಾಕಬೇಡಿರಿ. ಕಾಯಿಕಟ್ಟಿದ ಹೊಲಕ್ಕೆ ಅವನ್ನು ಬಿಡಬೇಡಿರಿ. ಗಿಲಿಗಿಲಿ ಕಾಯಿಯನ್ನು ಆಡಿಸುವ ಮಕ್ಕಳು ಬೀಜವನ್ನು ಬಾಯಿಗೆ ಹಾಕದಂತೆ ನೋಡಿಕೊಳ್ಳಿರಿ. ಅವರೆಯ ದಾಯಾದಿಯೆಂಬ ಕಾರಣಕ್ಕೆ ಇದರ ಕಾಳನ್ನು ಬೇಯಿಸಿ ತಿನ್ನಬಹುದೆಂದು ಯಾರೂ ಭಾವಿಸಬಾರದು.

ನಾರಿನ ಕಥೆ ಬೇರೊಂದು ಲೇಖನಕ್ಕೆ ಸಾಕಾಗುವಷ್ಟಿದೆ. ಬಲಿತ ಕಾಂಡಗಳ ಕಂತೆಯನ್ನು ನಾಲ್ಕರಿಂದ ಏಳು ದಿನ ನೀರಿನಲ್ಲಿ ಕೊಳೆಯಿಸಿ ಸುಲಿದರೆ ಬೆಳ್ಳನೆಯ ಗಟ್ಟಿ ನಾರು ದೊರೆಯುತ್ತದೆ. ದನದ ಕಣ್ಣಿಗೆ, ಬಾವಿಯ ಹಗ್ಗಕ್ಕೆ, ಬೆಸ್ತರ ಬಲೆಗೆ ಅದು ಉತ್ತಮವಾದುದು. ಕೊಳೆಯಿಸುವ ಗುಂಡಿ ಊರ ಕೆರೆಯಿಂದ ಬೇರೆಯಾಗಿರಲಿ; ಆ ನೀರಿನಲ್ಲಿ ಮೀನು ಬದುಕದು. 1855ರಲ್ಲಿ, ರಷ್ಯದೊಡನೆ ಯುದ್ಧ ನಡೆದು ಅಲ್ಲಿಂದ ಬರುತ್ತಿದ್ದ ನಾರಿಗೆ ಅಡ್ಡಿ ಬಂದಿದ್ದಾಗ, ಫೋರ್ಬ್ಸ್ ರಾಯ್ಲ್ ಎಂಬ ವಿದ್ವಾಂಸನು ಭಾರತದ ನಾರುಗಿಡಗಳನ್ನು ಕುರಿತ ಗ್ರಂಥದಲ್ಲಿ ನಮ್ಮ ಸೆಣಬಿಗೆ ದೀರ್ಘವಾದ ಸ್ಥಾನವನ್ನಿತ್ತನು. 1980ರ ದಶಕದಲ್ಲಿ ಹವಾಯಿ ದ್ವೀಪದವರು ಇದೇ ಗಿಡದಿಂದ ಆರಿಸಿದ ತಳಿಯೊಂದಕ್ಕೆ ಟ್ರಾಪಿಕ್ ಸನ್ ಎಂದು ಹೆಸರಿಟ್ಟು ಹಸುರು ಗೊಬ್ಬರಕ್ಕೆ ಹರಡಿದರು. ನಮ್ಮ ಹಿತ್ತಲ ಗಿಡವನ್ನು ಸಾಗರದಾಚೆಯವರು ಹೀಗೆ ಆದರಿಸುತ್ತಿರುವಾಗ, ನಮ್ಮ ರಾಗಿಯ ಹೊಲಗಳಲ್ಲಿ ಅದು ವಿರಳವಾಗುತ್ತಿರುವುದು ನನಗೆ ನಿಜವಾಗಿಯೂ ನೋವಿನ ಸಂಗತಿ. ಬೀಜ ಸಕಾಲದಲ್ಲಿ ಸಿಕ್ಕದಿರುವುದೇ ಅದಕ್ಕೆ ದೊಡ್ಡ ಕಾರಣವೆಂದು ರೈತರು ಹೇಳುತ್ತಾರೆ, ಮತ್ತು ಆ ದೂರು ಸುಳ್ಳಲ್ಲ.

ಆದ್ದರಿಂದ ಓದುಗರಲ್ಲಿ ಒಂದು ಬೇಡಿಕೆ. ಹೊಲವನ್ನೆಲ್ಲ ಹೂವಿನ ಮೊದಲ ವಾರದಲ್ಲಿ ಮಣ್ಣಿಗೆ ಕೊಡುವಾಗ, ಬದುವಿನ ಬದಿಯ ಎರಡು ಸಾಲುಗಳನ್ನು ಕೈಮುಟ್ಟದೆ ಉಳಿಸಿರಿ. ಅವು ಶ್ರಾವಣದವರೆಗೂ ಅರಳುತ್ತಿರಲಿ, ನೇಗಿಲು ಹೂಡುವಾಗ ಮರುಗಿದ ಕಣ್ಣಿಗೆ ಅಷ್ಟು ಸಮಾಧಾನವಾಗಲಿ, ದುಂಬಿಗಳಿಗೂ ಮೇವಾಗಲಿ. ಮುಂದೆ ಕಾಯಿಗಳು ಕಂದುಬಣ್ಣಕ್ಕೆ ತಿರುಗಿದಾಗ ಒಂದನ್ನು ಕಿವಿಯ ಬಳಿ ಹಿಡಿದು ಅಲುಗಿಸಿರಿ: ಒಳಗೆ ಗಿಲಿಗಿಲಿ ಎಂದರೆ ಕೊಯ್ದು, ಒಣಗಿಸಿ, ಬಡಿದು, ಬೇವಿನ ಸೊಪ್ಪಿನೊಡನೆ ಗಡಿಗೆಯಲ್ಲಿ ತುಂಬಿ ಬಾಯಿಕಟ್ಟಿಡಿರಿ. ಬರುವ ವರ್ಷ ಕೃತ್ತಿಕೆಯ ಮಳೆ ಬಿದ್ದ ದಿನ ಬೀಜಕ್ಕಾಗಿ ನೀವು ಯಾರ ಬಾಗಿಲಿಗೂ ಹೋಗಬೇಕಾಗಿಲ್ಲ.